ನಂಬರು ಬಿದ್ದ ಕಲ್ಲು

1963ನೇ ಇಸವಿ ಏಪ್ರಿಲ್ 15, ಸೋಮವಾರ, ಬೆಳಗ್ಗೆ ಹತ್ತೂವರೆ. ಯಳಂದೂರು ಠಾಣೆಗೆ ಬಂದ ದೂರಿನಲ್ಲಿ, ಕಳುವಾದ ವಸ್ತುವಿನ ವಿವರ ಬರೆಯುವ ಕಡೆ ‘ಕಲ್ಲು, ಒಂದು’ ಎಂದಿತ್ತು. ಸಬ್ ಇನ್ಸ್‌ಪೆಕ್ಟರ್ ಶಿವನಂಜಯ್ಯ ಅದನ್ನು ಎರಡು ಸಲ ಓದಿದರು. ಅವರ ಹದಿನಾಲ್ಕು ವರ್ಷದ ನೌಕರಿಯಲ್ಲಿ ಹಸು, ಕೋಳಿ, ಬಾವಿಯ ಹಗ್ಗ ಎಲ್ಲ ಕಳುವಾಗಿದ್ದವು. ಒಮ್ಮೆ ಒಬ್ಬಾಕೆ ಗಂಡನನ್ನೇ ಯಾರೋ ಕದ್ದರೆಂದು ಬಂದಿದ್ದಳು. ಕಲ್ಲು ಮಾತ್ರ ಇದೇ ಮೊದಲು.

ದೂರುದಾರರು ಪ್ರಾಚ್ಯವಸ್ತು ಇಲಾಖೆಯ ಸರ್ವೇಯರು ವೆಂಕಟರಮಣ ಜೋಯಿಸರು. ತೆಳ್ಳಗಿನ ಮನುಷ್ಯ. ಕೂತ ಕುರ್ಚಿಯನ್ನೂ ಅಳೆಯುವವರ ಹಾಗೆ ನೋಡುತ್ತಿದ್ದರು.

“ಬರೀ ಕಲ್ಲಲ್ಲ ಸ್ವಾಮಿ, ವೀರಗಲ್ಲು. ಹೊನ್ನೂರಿನ ಆಚೆ ಬಿದರೆಹುಂಡಿ ತೋಪಿನಲ್ಲಿ ಅಂಥವು ಏಳಿವೆ. ಆ ತೋಪನ್ನು ರಾಷ್ಟ್ರಕ್ಕೆ ಮುಖ್ಯವಾದ ಸ್ಥಳ ಅಂತ ಕೇಂದ್ರ ಸರ್ಕಾರ ಸಾರಲಿಕ್ಕಿದೆ. ಸಾರುವ ಮೊದಲು ಎರಡು ತಿಂಗಳ ನೋಟೀಸು ಕೊಡಬೇಕು. ಗೆಜೆಟ್ಟಿನಲ್ಲೂ ಬರುತ್ತೆ, ಸ್ಥಳದಲ್ಲೂ ಅಂಟಿಸಬೇಕು. ತಕರಾರಿದ್ದವರು ಅಷ್ಟರೊಳಗೆ ಬರೆದು ತಿಳಿಸಬಹುದು. ಎಂಟನೇ ತಾರೀಕು ನಾನೇ ಹೋಗಿ ನೋಟೀಸು ಅಂಟಿಸಿ, ಕಲ್ಲುಗಳಿಗೆ ಬಿಳಿ ಬಣ್ಣದಲ್ಲಿ ಒಂದರಿಂದ ಏಳರವರೆಗೆ ನಂಬರು ಹಾಕಿ ಬಂದೆ. ಇವತ್ತು ಹೋದರೆ ಆರೇ ಇವೆ.”

“ಯಾವುದಿಲ್ಲ?”

“ನಾಲ್ಕನೆಯದು. ಹುಲಿ ಇರಿಯುವ ವೀರನದು. ಏಳರಲ್ಲಿ ಅದೇ ಚಿಕ್ಕದು, ಮೂರಡಿ. ಚೆಂದದ್ದೂ ಅಲ್ಲ.”

“ಚೆಂದದ್ದನ್ನು ಬಿಟ್ಟು ಅದನ್ನು ಯಾಕೆ ಹೊತ್ತರು?”

“ಅದೇ ನನಗೂ ಬಗೆಹರಿಯದು. ಇನ್ನೊಂದು ಹೇಳ್ತೀನಿ ಕೇಳಿ. ಉಳಿದ ಆರರ ಮೇಲೆ ನಾನು ಹಾಕಿದ ನಂಬರುಗಳನ್ನು ಯಾರೋ ಉಜ್ಜಿ ಉಜ್ಜಿ ತೆಗೆದಿದ್ದಾರೆ.”

ಶಿವನಂಜಯ್ಯ ಪೆನ್ನು ಕೆಳಗಿಟ್ಟರು. “ಈಗ ಇದು ಸಂರಕ್ಷಿತ ಸ್ಮಾರಕವೋ ಅಲ್ಲವೋ? ಯಾವ ಕಾಯಿದೆ ಹಾಕಲಿ?”

“ಆಗಲಿದೆ.”

“ಇವತ್ತಿಗೆ?”

“ಇವತ್ತಿಗೆ ಆಗಿಲ್ಲ,” ಎಂದು ಜೋಯಿಸರು ಸಣ್ಣಗೆ ಒಪ್ಪಿಕೊಂಡರು.

ಹಾಗಾಗಿ 1958ರ ಸ್ಮಾರಕ ಕಾಯಿದೆ ಹತ್ತಲಿಲ್ಲ. ತೋಪು ಸರ್ಕಾರದ್ದಾದ್ದರಿಂದ ಭಾರತ ದಂಡ ಸಂಹಿತೆ 379, ಬರೀ ಕಳ್ಳತನ. ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು, ಮೊಕದ್ದಮೆ ನಂಬರು 14/63. ಮಾಲಿನ ಬೆಲೆ ಎಷ್ಟೆಂದು ಬರೆಯಬೇಕೋ ಯಾರಿಗೂ ತಿಳಿಯದೆ ಆ ಜಾಗ ಖಾಲಿ ಉಳಿಯಿತು.

ಮಧ್ಯಾಹ್ನ ಎರಡಕ್ಕೆ ಶಿವನಂಜಯ್ಯ, ದಫೇದಾರ ಚಿಕ್ಕಸಿದ್ದಯ್ಯ ಮತ್ತು ಜೋಯಿಸರು ಬಿದರೆಹುಂಡಿ ತೋಪಿನಲ್ಲಿದ್ದರು. ಚಿಕ್ಕಸಿದ್ದಯ್ಯ ಅದೇ ಸೀಮೆಯವನು. ದೊಡ್ಡ ಮೈ, ನಿಧಾನದ ಮಾತು. ಊರಿನ ಇಬ್ಬರನ್ನು ಪಂಚರೆಂದು ಕರೆದು ಸ್ಥಳ ಮಹಜರು ಶುರುವಾಯಿತು. ಹುಣಸೆಮರಗಳ ಕೆಳಗೆ ಆರು ಕಲ್ಲು ಸಾಲಾಗಿ ನಿಂತಿದ್ದವು. ಮೂರನೆಯದಕ್ಕೂ ಅದರ ಪಕ್ಕದ್ದಕ್ಕೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಅಲ್ಲಿ ಹಳ್ಳವಿರಲಿಲ್ಲ, ಅಗೆದ ಗುರುತೂ ಇರಲಿಲ್ಲ. ಮಣ್ಣನ್ನು ಸಮ ಮಾಡಿ, ಮನೆಯಂಗಳದಂತೆ ಸಗಣಿ ಸಾರಿಸಿ, ಮೇಲೊಂದು ಚಿಟಿಕೆ ಅರಿಸಿನ ಹಾಕಿದ್ದರು. ಕದ್ದ ಜಾಗವನ್ನು ಸಾರಿಸಿ ಹೋಗುವ ಕಳ್ಳನನ್ನು ಶಿವನಂಜಯ್ಯ ಇನ್ನೂ ಕಂಡಿರಲಿಲ್ಲ.

ಜೋಯಿಸರು ಅಂಟಿಸಿದ ನೋಟೀಸು ಹುಣಸೆಮರದ ಮೇಲೆ ಹಾಗೇ ಇತ್ತು. ಒಂದು ಮೂಲೆಯೂ ಕಿತ್ತಿರಲಿಲ್ಲ. ಸರ್ಕಾರದ ಮೇಲೆ ಸಿಟ್ಟಿದ್ದವರು ಮೊದಲು ಕೈ ಹಾಕುವುದು ಕಾಗದಕ್ಕೆ. ಇಲ್ಲಿ ಕಾಗದ ಬಿಟ್ಟು ಕಲ್ಲಿಗೆ ಕೈ ಹಾಕಿದ್ದರು. ಇದು ಎಲ್ಲಿಂದ ಹಿಡಿದರೂ ಕೈಗೆ ಸಿಗುವ ಕೇಸಲ್ಲ ಎಂದು ಅವರಿಗೆ ಆಗಲೇ ಅನಿಸಿತು.

ಊರ ಪಟೇಲ ಪುಟ್ಟಸಿದ್ದಯ್ಯನನ್ನು ಕರೆಸಿದರು.

“ಇಲ್ಲಿ ಎಷ್ಟು ಕಲ್ಲಿದ್ದವು?”

“ಆರು ಬುದ್ಧಿ.”

“ಏಳು ಅಂತ ಬರೆದಿದ್ದಾರೆ.”

“ಬರ್ಕೊಳ್ಳಿ ಬುದ್ಧಿ. ನಮ್ತಾತನ ಕಾಲ್ದಿಂದ್ಲೂ ಆರೇಯ.”

ಇನ್ನೂ ನಾಲ್ವರನ್ನು ಕೇಳಿದರು. ಮೂವರು ಆರು ಎಂದರು. ಇನ್ನೊಬ್ಬ, “ನಾ ಎಣ್ಸಿಲ್ಲ ಕನ ಬುದ್ಧಿ,” ಎಂದು ಆಕಾಶ ನೋಡಿದ. ಸೊಪ್ಪು ತರುತ್ತಿದ್ದ ಮುದುಕಿ ಚಿಕ್ಕಬಸಮ್ಮ ಗುಂಪನ್ನು ಕಂಡು ನಿಂತಳು. ಅವಳನ್ನೂ ಕೇಳಿದರೆ ಎಂಟು ಎಂದಳು. ಪಟೇಲ ಅವಳ ಕಡೆ ಕಣ್ಣು ಬಿಟ್ಟ ಮೇಲೆ, “ನಂಗೆ ಕಣ್ಣು ಸರ್ಯಾಗಿ ಕಾಣಾಕಿಲ್ಲ,” ಎಂದಳು. ಜೋಯಿಸರು ತಮ್ಮ ನೋಟ್ ಪುಸ್ತಕ ತೆಗೆದು ಬೆರಳಿಟ್ಟು ಒಂದು, ಎರಡು ಎಂದು ಎಣಿಸತೊಡಗಿದರು. ಅವರ ಫೋಟೋಗಳೆಲ್ಲ ಮೈಸೂರಿನಲ್ಲಿ, ಇನ್ನೂ ತೊಳೆದಿರಲಿಲ್ಲ. ಕಳುವಾಗಿದೆಯೋ ಇಲ್ಲವೋ ಎಂಬುದೇ ಶಿವನಂಜಯ್ಯನವರಿಗೆ ಅನುಮಾನವಾಯಿತು.

“ಅಜ್ಜಿ, ಈ ಕಲ್ಲುಗಳಿಗೆ ಪೂಜೆ ಇದೆಯಾ?”

“ದಿನಾ ಏನಿಲ್ಲ ಕನಪ್ಪಾ. ಒಂದೊಂದು ಮನ್ತನಕ್ಕೆ ಒಂದೊಂದು ಕಲ್ಲು. ಮನೇಲಿ ಮದ್ವೆ ಆದ್ರೆ ಮೊದ್ಲ ಲಗ್ನಪತ್ರಿಕೆ ಅವರವರ ಕಲ್ಗೆ ಇಕ್ಕಬೇಕು. ಆಮೇಲೇ ನೆಂಟ್ರಿಗೆ, ಊರ್ಗೆ. ಮದ್ವೆ ದಿನ ಎಣ್ಣು ಬಂದು ಕಲ್ಗೆ ಅಳ್ಳೆಣ್ಣೆ ಅಚ್ಚಿ, ಓಯ್ತೀನಿ ಅಂತ ಏಳಬೇಕು. ಇಲ್ದಿದ್ರೆ ಸಂಸಾರ ನಿಲ್ಲಾಕಿಲ್ಲ.”

“ನಾಲ್ಕನೇ ಕಲ್ಲು ಯಾರ ಮನೆತನದ್ದು?”

ಮುದುಕಿ ಬಾಯಿ ತೆರೆಯುವ ಮೊದಲೇ ಪಟೇಲ ಹೇಳಿದ: “ಇಲ್ದಿರೋ ಕಲ್ಗೆ ಒಕ್ಕಲು ಎಲ್ಲಿಂದ ಬತ್ತದೆ ಬುದ್ಧಿ?” ಆಮೇಲೆ ತಾನಾಗಿಯೇ ಒಂದು ಮಾತು ಸೇರಿಸಿದ. “ಈ ಅಯ್ನೋರು ನಂಬ್ರಾಕಿ ಓದ್ ಮಾರ್ನೆ ದಿನ ಒಂದು ಕಾರು ಬಂದಿತ್ತು. ತಮಿಳು ಆಡೋನು, ಸೇಲಂ ಕಡೆಯೋನು. ಪಟ ಇಡ್ಕಂಡು ಓದ.”

“ಕಲ್ಲೇ ಕಳುವಾಗಿಲ್ಲ ಅಂದ್ಮೇಲೆ ಕಾರಿನ ಮಾತ್ಯಾಕೆ?”

“ಸುಮ್ನೆ ಏಳ್ದೆ ಬುದ್ಧಿ.”

ತೋಪಿಗೆ ಹತ್ತಿರದ ಮನೆ ಮಾದಣ್ಣನದು. ಐವತ್ತು ದಾಟಿದ ಗಟ್ಟಿ ಆಳು, ಎಡಗೈಯ ಎರಡು ಬೆರಳು ಜಜ್ಜಿ ಹೋಗಿದ್ದವು. ಅಂಗಳದಲ್ಲಿ ಚಪ್ಪರಕ್ಕೆ ಕಂಬ ನೆಟ್ಟಿದ್ದರು. ಬಿಸಿಲಿಗೆ ಬಂದವರಿಗೆ ಅವನ ಹೆಂಡತಿ ಪುಟ್ಟಬಸಮ್ಮ ಮಜ್ಜಿಗೆ ತಂದುಕೊಟ್ಟಳು. ಮಾದಣ್ಣ ಅಂಚಿಗೆ ಅರಿಸಿನ ಹಚ್ಚಿದ ಒಂದು ಲಗ್ನಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದ.

“ಮಗಳು ರಾಚಮ್ಮನ ಮದ್ವೆ ಬುದ್ಧಿ, ಬರೋ ತಿಂಗ್ಳು ಒಂದನೇ ತಾರೀಕು. ದಯಮಾಡಿ ಬರಬೇಕು.”

ಶಿವನಂಜಯ್ಯ ಅದನ್ನು ಜೇಬಿಗಿಟ್ಟುಕೊಂಡರು. ಮಹಜರಿಗೆ ಪಂಚರ ಹೆಬ್ಬೆಟ್ಟು ಒತ್ತಿಸಿ ಐದಕ್ಕೆ ಹಿಂದಿರುಗಿದರು.

ಕೈಯಲ್ಲಿದ್ದ ಒಂದೇ ಎಳೆ ಸೇಲಂ ಕಾರು. 17ರಂದು ಕೊಳ್ಳೇಗಾಲಕ್ಕೆ ಹೋಗಿ ವಸತಿಗೃಹಗಳನ್ನು ವಿಚಾರಿಸಿದರು. ಎರಡನೆಯದರಲ್ಲೇ ಹೆಸರು ಸಿಕ್ಕಿತು. ರೇಷ್ಮೆ ಸೀರೆ ಕೊಳ್ಳಲು ಬಂದಿದ್ದ ವ್ಯಾಪಾರಿ, ಫೋಟೋ ಹುಚ್ಚಿನವನು, ಹತ್ತನೇ ತಾರೀಕು ಬೆಟ್ಟದ ದಾರಿಯಲ್ಲಿ, ಪಾಲಾರ್ ಗಡಿ ದಾಟಿ, ಊರಿಗೆ ಹೊರಟಿದ್ದ. ಪಾಲಾರ್‌ವರೆಗೆ ಹೋಗಲು ಸರ್ಕಲ್ ಇನ್ಸ್‌ಪೆಕ್ಟರರ ಜೀಪು ಕೇಳಿದರೆ, “ಏನು ಹೋಗಿದೆ ಅಂದ್ರಿ? ಕಲ್ಲಾ? ಕಲ್ಲಿಗೆಲ್ಲ ಪೆಟ್ರೋಲ್ ಕೊಡೋಕಾಗಲ್ಲ ಕಣ್ರಿ,” ಎಂದರು. ಮಾರನೆಯ ದಿನ ಬೆಳಗಿನ ಬಸ್ಸಿನಲ್ಲಿ ಶಿವನಂಜಯ್ಯ ಮತ್ತು ದಫೇದಾರ ಮೈಯೆಲ್ಲ ಧೂಳು ಮಾಡಿಕೊಂಡು ಗಡಿಗೆ ಹೋದರು.

ಗಂಧದ ಕಳ್ಳಸಾಗಣೆಯ ಭಯಕ್ಕೆ ಪಾಲಾರ್ ಗೇಟಿನಲ್ಲಿ ಪ್ರತಿ ಕಾರಿನ ಡಿಕ್ಕಿಯನ್ನೂ ತೆಗೆಸಿ ನೋಡುತ್ತಿದ್ದರು. 10ನೇ ತಾರೀಕಿನ ದಾಖಲೆ ಸ್ಪಷ್ಟವಾಗಿತ್ತು: ರೇಷ್ಮೆ ಸೀರೆ ಹನ್ನೆರಡು, ಹಲಸಿನ ಹಣ್ಣು ಎರಡು.

“ಹಲಸಿನ ಹಣ್ಣಿನೊಳಗೆ ಕಲ್ಲಿಟ್ಟಿರಾಕಿಲ್ಲ ಸಾ,” ಎಂದ ಚಿಕ್ಕಸಿದ್ದಯ್ಯ. ಶಿವನಂಜಯ್ಯನವರಿಗೆ ನಗು ಬರಲಿಲ್ಲ. ಮೂರು ದಿನ ಕಳೆದು ಅವರ ಹತ್ತಿರ ಉಳಿದದ್ದು ಸಗಣಿ ಸಾರಿಸಿದ ಒಂದು ತುಂಡು ನೆಲ. ಆರೋ ಏಳೋ ಎಂಬುದೂ ಖಚಿತವಿರಲಿಲ್ಲ.

ಹಿಂದಿರುಗಲು ಬಸ್ಸಿಲ್ಲದೆ, ಮರದ ದಿಮ್ಮಿ ಹೊತ್ತ ಒಂದು ನಾಟಾ ಲಾರಿ ಹತ್ತಿದರು. ಓಡಿಸುತ್ತಿದ್ದ ಚಿನ್ನಸ್ವಾಮಿ ಗಡಿಯ ಹಳ್ಳಿಯವನು, ಕನ್ನಡ ತಮಿಳು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಅಜ್ಜೀಪುರದಲ್ಲಿ ಟೀ ಕುಡಿಯಲು ನಿಂತಾಗ ಶಿವನಂಜಯ್ಯ ಲಾರಿಯ ಹಿಂದೆ ಅಡ್ಡಾಡಿದರು. ದಿಮ್ಮಿಗಳ ತುದಿಯಲ್ಲೆಲ್ಲ ಬಿಳಿ ಬಣ್ಣದ ನಂಬರು. 211, 212, 214.

“213 ಎಲ್ಲಿ?”

“ಅದು ಕಾಡಲ್ಲೇ ನಿಂತಿದೆ ಸಾರ್,” ಎಂದ ಚಿನ್ನಸ್ವಾಮಿ. “ಫಾರೆಸ್ಟ್ನೋರು ಬಂದು ನಂಬರ್ ಹಾಕಿದ್ರೆ ಮರದ ಕತೆ ಮುಗೀತು. ಕಡಿ, ಲಾರಿಗೆ ಏರ್ಸು, ಡಿಪೋಗೆ ಸಾಗ್ಸು. ಆದ್ರೆ ಅದು ಊರೋರ ದೇವರ ಮರ. ಅವ್ರು ಹೋಗಿ ನಂಬರ್ ಕೆರ್ದು ಹಾಕಿರ್ತಾರೆ. ನಂಬರ್ ಇಲ್ದೆ ನಾನು ಎಪ್ಪಡಿ ಲೋಡ್ ಮಾಡ್ಲಿ? ಗೇಟಲ್ಲಿ ಬಿಡ್ತಾರಾ?”

ಶಿವನಂಜಯ್ಯ ಲೋಟ ಹಿಡಿದು ಹಾಗೇ ನಿಂತರು. ಮೂರು ದಿನದಿಂದ ಅವರು, ಕಳ್ಳ ಬಿಟ್ಟುಹೋದ ಕಲ್ಲುಗಳ ನಂಬರು ಯಾಕೆ ಉಜ್ಜಿದ ಎಂದು ತಲೆ ಕೆಡಿಸಿಕೊಂಡಿದ್ದರು. ಉಜ್ಜಿದ್ದು ಕಳ್ಳತನ ಮುಚ್ಚಲಿಕ್ಕಲ್ಲ. ಕಲ್ಲುಗಳನ್ನು ಯಾರೂ ಲಾರಿಗೆ ಏರಿಸದಿರಲಿ ಎಂದು.

“ಬಿದರೆಹುಂಡಿಯೋರು ಯಾರಾದರೂ ನಾಟಾ ಕೆಲಸಕ್ಕೆ ಬರ್ತಿದ್ರಾ?”

“ಮಾದಣ್ಣ. ಹತ್ತು ವರ್ಷ ನಮ್ಮ ಲಾರಿಗೇ ಲೋಡ್ ಮಾಡಿದಾನೆ ಸಾರ್. ಎಂಥಾ ದಿಮ್ಮಿ ಆದ್ರೂ ಸರಿ, ಒಂದು ಹಗ್ಗ, ಎರಡು ಉರುಳೆ ಕೊಟ್ರೆ ಒಬ್ನೇ ಏರ್ಸೋನು. ಹನೂರಲ್ಲಿ ಬೆರಳು ಜಜ್ಜಿಹೋದ ಮೇಲೆ ಬಿಟ್ಟ.”

ಶಿವನಂಜಯ್ಯ ಜೇಬಿನಿಂದ ಲಗ್ನಪತ್ರಿಕೆ ತೆಗೆದರು. ಅದರ ಅಂಚಿನ ಅರಿಸಿನ ಅವರ ಬೆರಳಿಗೂ ಹತ್ತಿತು. ಊರಿಗೆ ಪತ್ರಿಕೆ ಹಂಚುತ್ತಿದ್ದಾನೆಂದರೆ ಮೊದಲನೆಯದು ಆಗಲೇ ಎಲ್ಲೋ ಹೋಗಿರಬೇಕು. ತೋಪಿನ ಆರು ಕಲ್ಲುಗಳ ಮುಂದೆ ಒಂದೂ ಪತ್ರಿಕೆ ಇರಲಿಲ್ಲ.

ಏಪ್ರಿಲ್ 20, ಶನಿವಾರ, ಬೆಳಗ್ಗೆ ಎಂಟು. ಮಾದಣ್ಣ ಚಪ್ಪರಕ್ಕೆ ಗಳ ಕಟ್ಟುತ್ತಿದ್ದ. ಪಟೇಲ ಪುಟ್ಟಸಿದ್ದಯ್ಯ ಹಿಂದೆಯೇ ಓಡಿ ಬಂದ. ಶಿವನಂಜಯ್ಯ ಕಲ್ಲಿನ ಸುದ್ದಿ ಎತ್ತಲಿಲ್ಲ.

“ಪತ್ರಿಕೆ ಎಲ್ಲರಿಗೂ ಹಂಚಿ ಆಯ್ತಾ ಮಾದಣ್ಣ?”

“ಆಯ್ತು ಬುದ್ಧಿ.”

“ಮೊದಲನೆಯದು ಎಲ್ಲಿಟ್ಟೆ?”

ಮಾದಣ್ಣನ ಕೈಯ ಹಗ್ಗ ಸಡಿಲವಾಯಿತು. ಇಟ್ಟಿಲ್ಲ ಎಂದರೆ ಸಾಕಿತ್ತು, ಕೇಸು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಮದುವೆಗೆ ಹನ್ನೊಂದು ದಿನವಿರುವಾಗ, ಚಪ್ಪರದ ಕೆಳಗೆ ನಿಂತು, ಮಗಳು ಕೇಳುವಂತೆ ಆ ಮಾತನ್ನು ಯಾವ ತಂದೆ ಆಡಿಯಾನು? ಪಟೇಲ ಮೆಲ್ಲಗೆ ಚಪ್ಪರದಿಂದ ಆಚೆ ಸರಿದ.

“ಕೇಳ್ತಿದೀನಿ. ಇಟ್ಟೆಯೋ ಇಲ್ಲವೋ?”

“ಇಟ್ಟೆ.”

“ಎಲ್ಲಿ?”

ಬಾಗಿಲಲ್ಲಿ ನಿಂತಿದ್ದ ಪುಟ್ಟಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಏಳ್ಬುಡಿ ಅತ್ಲಾಗೆ. ಸುಳ್ಳೇಳ್ಕಂಡು ಎಣ್ಣು ಕೊಡಾಕಾದದಾ,” ಎಂದಳು. ಮಾದಣ್ಣ ಅಂಗಳದ ಮೂಲೆಯ ಕಡೆ ನೋಡಿದ. ಅಲ್ಲಿ ನೆಲದಡಿಯಲ್ಲಿ ರಾಗಿ ತುಂಬಿಡುವ ಹಗೇವು ಇತ್ತು. ಅದರ ಬಾಯಿಗೆ ಮುಚ್ಚಿದ ಚಪ್ಪಡಿಯ ಮೇಲೆ ಎಣ್ಣೆ ಆರದ ಒಂದು ಹಣತೆ. ಹಣತೆಯ ಕೆಳಗೆ ಅರಿಸಿನದ ಲಗ್ನಪತ್ರಿಕೆ.

ಪಂಚರ ಎದುರು ಚಪ್ಪಡಿ ಸರಿಸಿದರು. ಒಳಗಿನ ಗಾಳಿ ಕೆಟ್ಟಿದೆಯೇ ನೋಡಲು ದೀಪ ಇಳಿಬಿಟ್ಟು, ಅದು ಆರದ್ದನ್ನು ಕಂಡು ಚಿಕ್ಕಸಿದ್ದಯ್ಯ ಇಳಿದ. ರಾಗಿಯಲ್ಲಿ ಅರ್ಧ ಹೂತಿದ್ದ ಕಲ್ಲಿಗೆ ಹೊಸ ಪಂಚೆ ಸುತ್ತಿತ್ತು. ಮೇಲೆತ್ತಿ ಬಿಚ್ಚಿದಾಗ ಹುಲಿಯ ಎದೆಗೆ ಭರ್ಜಿ ಇಟ್ಟ ಒಬ್ಬ ಗಿಡ್ಡ ಮನುಷ್ಯ ಬೆಳಕಿಗೆ ಬಂದ. ಅವನ ಕಿವಿಯ ಹತ್ತಿರ ಬಿಳಿ ಬಣ್ಣ ಉಜ್ಜಿದ ಕಲೆ. ಬುಡದ ಒಂದು ಮೂಲೆ ಕೀಳುವಾಗಲೇ ಮುರಿದಿತ್ತು. ಬೆಳಗ್ಗೆ 9.40ಕ್ಕೆ ಜಫ್ತಿ ಮಹಜರು ಬರೆದು ಮಾದಣ್ಣನನ್ನು ದಸ್ತಗಿರಿ ಮಾಡಿದರು. ಕೋಳ ಹಾಕಲಿಲ್ಲ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. ಜೋಯಿಸರೂ ಬಂದು ಕೂತಿದ್ದರು.

“ಯಾವತ್ತು ಕಿತ್ತೆ?”

“ಎಂಟಕ್ಕೆ ಈ ಅಯ್ನೋರು ನಂಬ್ರ ಆಕುದ್ರು. ಒಂಬತ್ತಕ್ಕೆ ಕಾರು ಬಂದು ಪಟ ಇಡೀತು. ಮೊದ್ಲು ನಂಬ್ರ, ಆಮೇಲೆ ಸಾವ್ಕಾರ ಬಂದು ನೋಡೋದು, ಆಮೇಲೆ ಲಾರಿ. ನಾನು ಅತ್ತು ವರ್ಷ ಕಂಡಿವ್ನಿ ಬುದ್ಧಿ. ನಂಬ್ರ ಬಿದ್ದುದ್ದು ಒಂದೂ ನೆಲದಲ್ಲಿ ಉಳೀನಿಲ್ಲ. ಊರೋರ್ಗೆ ಏಳ್ದೆ. ಅನ್ನೊಂದನೇ ತಾರೀಕು ಎಲ್ರೂ ಸೇರ್ಕಂಡು ಇಟ್ಟಿಗೆ ಪುಡಿ ಆಕಿ ಉಜ್ಜುದ್ವಿ. ಅವತ್ತು ರಾತ್ರೀನೇ ಇದ್ನ ಕಿತ್ತೆ.”

“ಉಜ್ಜಿದ ಮೇಲೆ ಇದನ್ನು ಯಾಕೆ ಕಿತ್ತೆ?”

“ಉಜ್ಜುದ್ರೆ ಮತ್ತೆ ಆಕ್ತಾರೆ. ಮರಕ್ಕೂ ಅಂಗೇ ಮಾಡ್ತಾರೆ. ಬ್ಯಾರೆಯೋರ ಮನೇಲಿ ಈಗ ಮದ್ವೆ ಇಲ್ಲ, ನಮ್ಮನೇಲಿ ಅದೆ. ಅದು ನಮ್ಮ ಮುತ್ತಯ್ಯ ಬುದ್ಧಿ. ಊರ ದನ ಕಾಯಾಕೋಗಿ ಉಲಿ ಬಾಯ್ಗೆ ಬಿದ್ದೋನು. ಅವ್ನಿಗೆ ಏಳ್ದೆ ನಮ್ಮನೆ ಎಣ್ಣು ಒಂದೂ ವಸ್ಲು ದಾಟಿಲ್ಲ. ಮದ್ವೆ ಮುಗೀಲಿ, ಎಣ್ಣೆ ಅಚ್ಚಿಸ್ಬುಟ್ಟು ಮತ್ತೆ ಅಲ್ಲೇ ನೆಟ್ಬುಡಾನ ಅಂತಿದ್ದೆ.”

“ಮರದ ಮೇಲಿನ ನೋಟೀಸು ನೋಡಲಿಲ್ಲವಾ?”

“ಕಂಡೆ. ಓದಾಕೆ ಬರಾಕಿಲ್ಲ. ನಂಬ್ರ ಮಾತ್ರ ಗೊತ್ತಾಯ್ತದೆ.”

ಶಿವನಂಜಯ್ಯ ನೋಟೀಸಿನ ಪ್ರತಿ ತೆಗೆದು ಗಟ್ಟಿಯಾಗಿ, ನಿಧಾನಕ್ಕೆ ಓದಿದರು. ಅದರ ಕನ್ನಡ ಕಗ್ಗಂಟಾಗಿತ್ತು. ಅರ್ಧಕ್ಕೆ ನಿಲ್ಲಿಸಿ ತಮ್ಮ ಮಾತಿನಲ್ಲೇ ಹೇಳಿದರು. “ಈ ಕಲ್ಲುಗಳನ್ನು ಯಾರೂ ಕೀಳಬಾರದು, ಕದಲಿಸಬಾರದು, ಇದ್ದಲ್ಲೇ ಇರಬೇಕು ಅಂತ ಸರ್ಕಾರ ಮಾಡ್ತಿತ್ತು ಮಾದಣ್ಣ. ಹಂಗೆ ಕಾಯೋಕೆ ಲೆಕ್ಕ ಬೇಕಲ್ಲ, ಅದಕ್ಕೆ ನಂಬರು ಹಾಕಿದ್ದು.”

ಮಾದಣ್ಣ ನೋಟೀಸಿನ ಪ್ರತಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

“ಅಂಗಾರೆ, ನಾನು ಮುಟ್ದೆ ಇದ್ದಿದ್ರೆ ಅದು ಅಲ್ಲೇ ಇರ್ತಿತ್ತಾ ಬುದ್ಧಿ?”

“ಇರ್ತಿತ್ತು.”

ಶಿವನಂಜಯ್ಯ ಜೋಯಿಸರ ಕಡೆ ತಿರುಗಿ, “ವಾಪಸ್ಸು ಅಲ್ಲೇ ನೆಟ್ಟರೆ ಆಗಲ್ಲವಾ?” ಎಂದರು.

“ನಾನೂ ಬರೆದು ಕೇಳ್ತೀನಿ,” ಎಂದರು ಜೋಯಿಸರು. “ಆದರೆ ನೆಲ ಬಿಟ್ಟ ಮೇಲೆ ಅದು ಸ್ಥಳಕ್ಕೆ ಸೇರಿದ್ದಲ್ಲ, ಬಿಡಿ ವಸ್ತು ಅಂತಾರೆ. ಬುಡ ಬೇರೆ ಮುರಿದಿದೆ. ಒಂದು ಮಾತು ಹೇಳಿ ಬಣ್ಣ ಹಚ್ಚಬೇಕಿತ್ತು ನಾನು. ಬಿಸಿಲಿತ್ತು, ಬೇಗ ಮುಗಿಸಿ ಹೊರಟುಬಿಟ್ಟೆ.”

ಸೋಮವಾರ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಕಲ್ಲು ಠಾಣೆಯ ಜಗುಲಿಯಲ್ಲಿ, ಕದ್ದ ಸೈಕಲ್ಲೊಂದರ ಪಕ್ಕ ನಿಂತಿತು. ಮೇ ಒಂದರಂದು ಬೆಳಗ್ಗೆ ಎತ್ತಿನ ಗಾಡಿಯಲ್ಲಿ ಮದುವಣಗಿತ್ತಿ ರಾಚಮ್ಮ ತಾಯಿಯ ಜೊತೆ ಠಾಣೆಗೆ ಬಂದಳು. ಜಫ್ತಿ ಮಾಲನ್ನು ಯಾರೂ ಮುಟ್ಟುವಂತಿಲ್ಲ. ಶಿವನಂಜಯ್ಯ ಒಳಗೆ ಹೋಗಿ, ಓದಿ ಮುಗಿಸಿದ್ದ ಒಂದು ಫೈಲನ್ನು ಮತ್ತೆ ಓದುತ್ತ ಕೂತರು. ಹೊರಗೆ ಬಂದಾಗ ಹುಲಿಯೂ ಮನುಷ್ಯನೂ ಹರಳೆಣ್ಣೆಯಲ್ಲಿ ಮಿನುಗುತ್ತಿದ್ದರು. ಕಲ್ಲಿಗೆ ಕಟ್ಟಿದ್ದ 14/63ರ ಚೀಟಿ ಎಣ್ಣೆಗೆ ನೆನೆದು ಹೋಗಿತ್ತು. ದಫೇದಾರನಿಂದ ಬೇರೆ ಚೀಟಿ ಬರೆಸಿ ಕಟ್ಟಿಸಿದರು.

ಜುಲೈ ತಿಂಗಳಲ್ಲಿ ಮಾದಣ್ಣ ತಪ್ಪೊಪ್ಪಿಕೊಂಡ. ಹಿಂದೆ ಯಾವ ಕೇಸೂ ಇಲ್ಲದ್ದರಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ತೋಪಿನ ಆರು ಕಲ್ಲುಗಳಿಗೆ ರಾಷ್ಟ್ರೀಯ ಮಹತ್ವದ ಬೋರ್ಡು ಬಂತು. ಕಿತ್ತ ನಾಲ್ಕನೆಯದನ್ನು ಮೈಸೂರಿನ ಸಂಗ್ರಹಕ್ಕೆ ಸಾಗಿಸಬೇಕೆಂದು ಆದೇಶವಾಯಿತು. ಜೋಯಿಸರು ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ.

ಆಗಸ್ಟ್ 12ರಂದು ಮಧ್ಯಾಹ್ನ ಜೋಯಿಸರು ಲಾರಿ ತಂದರು. ಜೊತೆಗೆ ಬಂದ ಆಳುಗಳು ಕಲ್ಲನ್ನು ಎಳೆದಾಡಿದ ರೀತಿ ನೋಡಿದರೆ ಉಳಿದ ಬುಡವೂ ಒಡೆಯುವಂತಿತ್ತು. ಕಲ್ಲು ಕಳಿಸುವುದನ್ನು ನೋಡಲು ಬಂದು ಗೇಟಿನ ಹತ್ತಿರ ನಿಂತಿದ್ದ ಮಾದಣ್ಣ ಟವೆಲ್ ಸೊಂಟಕ್ಕೆ ಬಿಗಿದು ಒಳಗೆ ಬಂದ. “ಬುಡ್ರಪ್ಪಾ ಅತ್ಲಾಗೆ,” ಎಂದು ಅವರನ್ನು ಸರಿಸಿ, ಒಂದು ಹಗ್ಗ, ಎರಡು ಉರುಳೆ ಕೇಳಿದ. ಕೆಳಗೆ ಹುಲ್ಲು ಹಾಸಿ, ಮುಖ ಮೇಲಾಗುವಂತೆ ಕಲ್ಲನ್ನು ಏರಿಸಿ, ಅಲುಗದಂತೆ ಕಟ್ಟಿದ. ಜೋಯಿಸರು ಬಣ್ಣದ ಡಬ್ಬಿ ತೆಗೆದು ಕಲ್ಲಿನ ಒಂದು ಪಕ್ಕಕ್ಕೆ, ಎದುರಿನಿಂದ ಕಾಣದ ಹಾಗೆ, ಸಣ್ಣದಾಗಿ ನಂಬರು ಬರೆದರು.

ಮಾದಣ್ಣ ಅದನ್ನು ನೋಡಿದ. ಕೈ ಒರೆಸಿಕೊಂಡು ಕೆಳಗಿಳಿದು ಶಿವನಂಜಯ್ಯನವರ ಮುಂದೆ ಬಂದು ನಿಂತ.

“ಚಿಕ್ಕ ಮಗ್ಳು ಇನ್ನೊಬ್ಳು ಅವ್ಳೆ ಬುದ್ಧಿ. ಮೈಸೂರ್ನಲ್ಲಿ ಎಣ್ಣೆ ಅಚ್ಚಾಕೆ ಬುಡ್ತಾರಾ?”

ಶಿವನಂಜಯ್ಯ ಜೋಯಿಸರ ಮುಖ ನೋಡಿದರು. ಜೋಯಿಸರು ಬಣ್ಣದ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದರು. ಅದು ಅವರ ಕೈಯಲ್ಲೇ ಇತ್ತು.